ಗುಲಗಂಜಿ ಹುಳದ ಜಗಳ

ಮೊನ್ನಿ ಅಟ್ಟ ಸ್ವಚ್ಛ ಮಾಡುವಾಗ ಬೆಳಿಗೆ ಹುಳಾ ಸಾಯಸೋ ಎಣ್ಣಿ ಹೊಡಿಯೋ ಹಳೇ ಪಂಪ ಸಿಕ್ತು. ಮುಚ್ಚಳ ತಗದ್ರ ಇಷ್ಟ ವರ್ಷದ ಮ್ಯಾಲೂ ಅದ ಹಾಳ ಘಾಟ. ಮೂಗಿಗೆ ಬಡಿಯೂದ ತಡ, ಬಾಜೂ ಹೊಲದ ಮುಸಲ್ಮಾನರ ಮುದುಕಿ, ನಾ ಖಾಲಾ ಅಂತ ಕರಿಯಾಕಿ, ನೆನಪಾದ್ಳು...

ಜಕ್ಕಲಿ ಊರಿನ ಹಾದಿಗೆ ನನ್ನ ಹೊಲ, ಆಕಿ ಹೊಲ, ನಡುವ ಒಂದ ಬದು. ಬಿಟಿ ಹತ್ತಿ ಆಗಷ್ಟ ಬಂದಿತ್ತು, ಇಬ್ಬರೂ ಹಾಕಿದ್ವಿ. ಬೀಜದಂಗಡಿಯಾಂವ, ಅವನ ಬಾಯಾಗ ಮಣ್ಣ ಬೀಳ್ಲಿ, "ಇದಕ್ಕ ಹುಳಾ ಬರಂಗಿಲ್ರಿ" ಅಂದಿದ್ದ. ಅಂವ ಹೇಳಿದ್ದು ಕಾಯಿ ಕೊರಿಯೋ ಹುಳದ ಮಾತ. ನಮಗ ಹರದಾಡೋದು, ಹಾರೋದು ಎಲ್ಲಾ ಹುಳಾನ.

ಒಂದಿನ ನೋಡತೇನಿ, ಎಲಿ ತುಂಬ ರಸ ಹೀರೋ ಹೇನು. ಅದರ ನಡುವ ಮೈಯೆಲ್ಲಾ ಮುಳ್ಳಿನ ಕರೀ ಹುಳ ಹರದಾಡಾಕತ್ತಿದ್ವು. ಬೀಜ ಖೊಟ್ಟಿ ಅಂತ ಅಂಗಡಿಗೆ ಓಡಿದೆ. ಅಂವ ಹುಳದ ಮಾರಿ ಸುದ್ದಾ ನೋಡ್ಲಿಲ್ಲ, ಒಂದ ಡಬ್ಬಿ ಎಣ್ಣಿ ಕೈಯಾಗಿಟ್ಟ.

ಪಂಪ ಬೆನ್ನಿಗೇರಿಸಿದಾಗ ಖಾಲಾ ಬದುವಿನ ಮ್ಯಾಲಿಂದ ಚೀರಿದ್ಳು. "ಏ, ಹೊಡೀಬ್ಯಾಡೋ! ಅವು ಕೆಂಪ ಮೈಮ್ಯಾಲ ಕರೀ ಚುಕ್ಕಿ ಇರೋ ಗುಲಗಂಜಿ ಹುಳದ ಮರಿ. ಹೇನು ತಿಂದ ಹೊಲಾ ಕಾಯ್ತಾವು."

"ಹುಳ ಅಂದ್ರ ಹುಳಾನ. ನಿನಗೇನ ತಿಳೀತೈತಿ ಖಾಲಾ, ಸುಮ್ನ ಹೋಗ" ಅಂದೆ.

ಗಾಳಿ ಆಕಿ ಹೊಲದ ಕಡೆ ಬೀಸಾಕತ್ತಿತ್ತು. ನಾ ನೋಡಿರಲಿಲ್ಲ... ಸುಳ್ಳ. ನೋಡಿದ್ದೆ. ಆದ್ರೂ ಹೊಡದೆ.

ಮರದಿನ ಖಾಲಾ ಮನಿಗೇ ಬಂದ್ಳು. ಸೆರಗಿನಾಗ ಕಟ್ಟಿಕೊಂಡ ಬಂದಿದ್ದ ಸತ್ತ ಗುಲಗಂಜಿ ಹುಳಾನೆಲ್ಲಾ ನನ್ನ ಅಂಗಳದಾಗ ಸುರವಿ, "ತಗೊ, ಉಪ್ಪ ಹಚ್ಚಿಕೊಂಡ ತಿನ್ನು" ಅಂದ್ಳು.

ಸ್ವಲ್ಪ ದಿನದಾಗ ಹೇನು ತಿರುಗಿ ಬಂದ್ವು. ಅವನ್ನ ತಿನ್ನಾಕ ಯಾರೂ ಉಳದಿರಲಿಲ್ಲ. ಎಲಿ ಜಿಗಿಜಿಗಿಯಾಗಿ ಮುರುಟಿದ್ವು. ನನ್ನ ಹತ್ತೀನೂ ಹೋತು, ಆಕಿ ಹತ್ತೀನೂ ಹೋತು. ಕಾಯಿ ಕೊರಿಯೋ ಹುಳ ಮಾತ್ರ ಒಂದೂ ಇರಲಿಲ್ಲ. ಬೀಜ ಖರೇನ ಇತ್ತು, ಖೊಟ್ಟಿ ಇದ್ದದ್ದು ನನ್ನ ತಲಿ.

ಆಮ್ಯಾಲ ಖಾಲಾ ಮಾತ ಬಿಟ್ಳು. ಈದಿಗೆ ಆಕಿ ಮನಿಯಿಂದ ಬರತಿದ್ದ ಶೀರಖುರ್ಮಾ ಪಾಯಸ ನಿಂತತು. ಎದುರಾದ್ರ ಉಗುಳಿ ಹೋಗತಿದ್ಳು. ನಾನೇನ ಕಡಿಮಿ? 'ಮುದುಕಿ ಸೊಕ್ಕ ನೋಡ' ಅಂತ ಬಯ್ಕೋತ ಅಡ್ಡಾಡಿದೆ. ತಪ್ಪಾತು ಅನ್ನೋ ಒಂದ ಮಾತ ಆಕಿನ್ನ ಮಣ್ಣ ಮಾಡಿದ ದಿನಾನೂ ನನ್ನ ಬಾಯಿಂದ ಬರಲಿಲ್ಲ.

ಮೊನ್ನಿ ಸಿಕ್ಕ ಆ ಪಂಪ ಗುಜರಿಗೆ ಹಾಕಿ ಸಂಜಿಮುಂದ ಹೊಲಕ್ಕ ಹೋದೆ. ಬದುವಿನ ಅವರಿ ಬಳ್ಳ್ಯಾಗ ಅಂಥಾದ ಒಂದ ಮುಳ್ಳಮೈ ಮರಿ ಹೇನು ತಿನ್ನಾಕತ್ತಿತ್ತು.

"ಖಾಲಾ, ಬಾ ಇಲ್ಲೆ, ನೋಡ!" ಅಂತ ಒದರೇಬಿಟ್ಟೆ.

ಆ ಕಡಿ ಹೊಲದಾಗ ಟ್ರ್ಯಾಕ್ಟರ್ ಹೊಡಿಯಾಂವ ತಿರುಗಿ ನೋಡಿದ. "ಯಾರನ್ನ ಕರದ್ರಿ, ಕಾಕಾ?" ಅಂದ.

"ಏ, ಈ ಬಳ್ಳಿಗೆ ಎಣ್ಣಿ ಹೊಡೀಬ್ಯಾಡೋ" ಅಂದೆ.