ಕೆಂಪು ತುದಿಯ ಕಡ್ಡಿ

ನನ್ನ ಭಾವನನ್ನು ಕಾರ್ಖಾನೆಯಲ್ಲಿ ಎಲ್ಲರೂ ‘ಮೇಷ್ಟ್ರು’ ಎನ್ನುತ್ತಾರೆ. ಕಲಿಸಿದ್ದಕ್ಕಲ್ಲ, ಯಾರು ಏನು ಹೇಳಿದರೂ ಕಲಿಯದಿದ್ದಕ್ಕೆ. ಮೂವತ್ತು ವರ್ಷದಿಂದ ಸ್ಟೀಲ್ ಪೈಪು ಬೆಸೆಯುವ ವೆಲ್ಡರ್. ಕೈಚಳಕ ಇದೆ, ಇಲ್ಲವೆನ್ನಲಾರೆ. ಜಂಬ ಅದಕ್ಕಿಂತ ಹೆಚ್ಚಿದೆ.

ಅವರ ಜೀವವೆಲ್ಲ ಕೆಂಪು ತುದಿಯ ಟಂಗ್‌ಸ್ಟನ್ ಕಡ್ಡಿಯ ಮೇಲೆ. ಕೆಂಪು ಬರೀ ಗುರುತಿನ ಬಣ್ಣ; ವೆಲ್ಡಿಂಗಿನ ಕಿಡಿ ಹೊರಡುವುದು ಕಡ್ಡಿಯ ಇನ್ನೊಂದು ತುದಿಯ ಮೊನೆಯಿಂದ. ಅದರಲ್ಲಿ ನೂರಕ್ಕೆ ಎರಡು ಪಾಲು ಥೋರಿಯಂ ಆಕ್ಸೈಡ್ ಬೆರೆಸಿರುತ್ತಾರೆ. ಹಾಗಾಗಿ ಕಿಡಿ ಥಟ್ಟನೆ ಹತ್ತುತ್ತದೆ, ಕಾದರೂ ಮೊನೆ ಬೇಗ ಮೊಂಡಾಗದು. ಆದರೆ ಥೋರಿಯಂ ವಿಕಿರಣ ಸೂಸುವ ಲೋಹ. ಕಡ್ಡಿ ಕೈಯಲ್ಲಿದ್ದರೆ ಅಷ್ಟೇನೂ ಭಯವಿಲ್ಲ. ಸಾಣೆಗೆ ಹಿಡಿದು ಚೂಪು ಮಾಡುವಾಗ ಏಳುವ ಧೂಳು ಉಸಿರಿನ ಜೊತೆ ಒಳಗೆ ಹೋದರೆ ಮಾತ್ರ ಶ್ವಾಸಕೋಶದಲ್ಲೇ ಠಿಕಾಣಿ ಹೂಡುತ್ತದೆ. ಸ್ಟೋರ್ ಕೀಪರ್ ಆದ ನಾನು ಇದನ್ನು ನೂರು ಸಲ ಹೇಳಿದ್ದೇನೆ.

“ಲೋ, ಮೂವತ್ತು ವರ್ಷ ಈ ಧೂಳು ಕುಡಿದಿದ್ದೀನಿ. ನನಗೇನಾಯ್ತು? ಗುಂಡುಕಲ್ಲಿನ ಹಾಗಿಲ್ವಾ?”

ಕಾರ್ಖಾನೆ ಕೆಂಪು ಕಡ್ಡಿ ನಿಲ್ಲಿಸಿ, ಥೋರಿಯಂ ಇಲ್ಲದ ಬೂದು ತುದಿಯವನ್ನು ತರಿಸಿತು. ಮಹಾನುಭಾವರು ಏನು ಮಾಡಿದರು? ಬಚ್ಚಿಟ್ಟಿದ್ದ ಕೆಂಪು ಕಡ್ಡಿಗಳ ತುದಿಗೆ ಬೂದು ಬಣ್ಣ ಬಳಿದು, ಸೂಪರ್‌ವೈಸರ್ ಕಣ್ಣಿಗೆ ಮಣ್ಣೆರಚಿ, ಮೀಸೆ ತಿರುವಿಕೊಂಡು ಓಡಾಡಿದರು. ಸ್ಟೋರಿನಲ್ಲೇ ಕೂತ ನನಗೂ ತಿಳಿಯಲಿಲ್ಲ.

ಪಕ್ಕದ ಮೇಜಿನಲ್ಲಿ ಅವರ ಮಗಳೂ ವೆಲ್ಡರ್. ಐದು ತಿಂಗಳ ಬಸುರಿ. ಅದಕ್ಕೇ ಬೂದು ಕಡ್ಡಿ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಅವಸರವಿದ್ದಾಗ ಅಪ್ಪನ ಡಬ್ಬಿಗೂ ಕೈಹಾಕುತ್ತಿದ್ದಳು. ಬೂದು ತಾನೇ, ಮಾಸ್ಕ್ ಯಾಕೆ ಎಂದು ಹಾಗೇ ಸಾಣೆ ಹಿಡಿಯುತ್ತಿದ್ದಳು. ಡಬ್ಬಿಯಲ್ಲಿ ಕಡ್ಡಿ ಕಡಿಮೆಯಾಗುತ್ತಿರುವುದು ಈ ಜಾಣರ ಗಮನಕ್ಕೇ ಬರಲಿಲ್ಲ.

ನಿನ್ನೆ ಅವಳು ಜಿಡ್ಡು ತೆಗೆಯಲು ಥಿನ್ನರ್ ಹಾಕಿದ ಬಟ್ಟೆಯಿಂದ ಕಡ್ಡಿ ಒರೆಸಿದಳು. ತುದಿಯ ಬೂದು ಬಣ್ಣ ಬಟ್ಟೆಗೆ ಹತ್ತಿತು, ಅಡಿಯಲ್ಲಿ ಕೆಂಪು. ಡಬ್ಬಿ ಎತ್ತಿಕೊಂಡು ಬಂದು ಅಪ್ಪನೆದುರು ನಿಂತಳು. ನಾನು ಅಲ್ಲೇ ಇದ್ದೆ. ಭಾವನ ಮುಖ ಬಿಳಿಚಿಕೊಂಡಿತು. ನನಗೆ ಅಯ್ಯೋ ಅನ್ನಿಸಲಿಲ್ಲ, ಮೈಯೆಲ್ಲ ಉರಿಯಿತು.

“ಮೂರು ತಿಂಗಳಿಂದ ಇದರಿಂದ ತಗೊಂಡಿದ್ದೀನಿ ಅಪ್ಪಾ,” ಎಂದಳು. “ನಾಳೆ ಡಾಕ್ಟರ್ ಕೇಳ್ತಾರೆ. ನಾನು ತಗೊಂಡಿದ್ದರಲ್ಲಿ ನೀನು ಬಣ್ಣ ಬಳಿದಿದ್ದು ಎಷ್ಟು, ನಿಜವಾದ ಬೂದು ಎಷ್ಟು?”

ಭಾವ ಡಬ್ಬಿಯಲ್ಲಿ ಉಳಿದಿದ್ದ ಕಡ್ಡಿಗಳನ್ನು ಬೆರಳಿನಿಂದ ಕೆದಕಿದರು.

“ಎರಡನ್ನೂ ಒಟ್ಟಿಗೇ ಹಾಕಿಬಿಟ್ಟೆ ಕಣಮ್ಮಾ,” ಎಂದರು.