ಹೆಸರಿಗೆ ಅಂಟಿದ ‘ನ್’

ತಿರುಮಲಣ್ಣನ ಯುರೋಪ್ ಪ್ರವಾಸಕ್ಕೆ ಅಡ್ಡಗಾಲು ಹಾಕಿದವಳು ನಾನೇ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು. ಕಾರಡ್ಕದಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ನನ್ನದು. ನಾಲ್ಕು ವರ್ಷದ ಹಿಂದೆ ಅವರ ಪಾಸ್‌ಪೋರ್ಟಿನ ಅರ್ಜಿಯನ್ನು ಟೈಪ್ ಮಾಡುವಾಗ ಆಧಾರಿನಲ್ಲಿ ಇದ್ದ ಹಾಗೆಯೇ ‘ತಿರುಮಲೇಶ್ವರನ್’ ಎಂದು ಇಂಗ್ಲಿಷಿನಲ್ಲಿ ಹೊಡೆದೆ. ಮಲಯಾಳದಲ್ಲಿ ಆಡಳಿತ ನಡೆಯುವ ನಮ್ಮ ಗಡಿನಾಡಿನಲ್ಲಿ ಇದು ಹೊಸತಲ್ಲ. ಕನ್ನಡದ ಹೆಸರು ಮಲಯಾಳದ ಕಡತದೊಳಗೆ ಹೊಕ್ಕು ಹೊರಗೆ ಬರುವಾಗ ಒಂದು ‘ನ್’ ಬಾಲ ಅಂಟಿಸಿಕೊಂಡೇ ಬರುತ್ತದೆ. ಕೇಶವ ಕೇಶವನ್ ಆಗುತ್ತಾನೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಂದು ತಿರುಮಲಣ್ಣ ಕನ್ನಡಕವನ್ನು ಮನೆಯಲ್ಲಿ ಮರೆತು ಬಂದಿದ್ದರು. ಓದದೆಯೇ ಸಹಿ ಹಾಕಿದರು.

ಅವರು ಮಂಜೇಶ್ವರ ಸ್ಟೇಷನ್ನಿನ ಟಿಕೇಟ್ ಕೌಂಟರಿನಲ್ಲಿ ಕೂತು ನಿವೃತ್ತರಾದವರು. ಊರವರಿಗೆಲ್ಲ ಟಿಕೇಟ್ ಕೊಟ್ಟು ಕಳಿಸಿದರೇ ಹೊರತು ತಾವು ಹೋದದ್ದು ಎಲ್ಲಿಗೂ ಇಲ್ಲ. ಯುರೋಪಿಗೆ ಹೋಗುವವರು ಟೂರಿನವರ ಬಸ್ಸು ಹತ್ತಿ ಕೂರುತ್ತಾರೆ. ಇವರಿಗೆ ಅದಾಗದು. ಪ್ಯಾರಿಸಿನಿಂದ ಸ್ವಿಟ್ಜರ್‌ಲ್ಯಾಂಡಿಗೆ, ಅಲ್ಲಿಂದ ಇಟಲಿಗೆ ಎಲ್ಲವೂ ರೈಲಿನಲ್ಲೇ ಆಗಬೇಕು. ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಹನ್ನೊಂದು ರೈಲುಗಳ ಸಮಯ, ಇಳಿದು ಬದಲಿ ರೈಲು ಹಿಡಿಯಲು ಇರುವ ನಿಮಿಷ, ಯಾವ ಬದಿಯ ಕಿಟಕಿಯಲ್ಲಿ ಹಿಮದ ಗುಡ್ಡ ಕಾಣುತ್ತದೆ ಎಂಬುದನ್ನು ಕೂಡ ಪೆನ್ಸಿಲಿನಲ್ಲಿ ಬರೆದಿದ್ದರು. ಹೆಚ್ಚಿನ ಪುಟಗಳಲ್ಲಿ ‘ಬಲ ಕಿಟಕಿ’ ಎಂದಿತ್ತು.

ಅಷ್ಟೂ ಅವರ ಹೆಂಡತಿ ಪರಮೇಶ್ವರಿ ಅಕ್ಕನಿಗಾಗಿ. ಎಂದೋ ಸ್ಟೇಷನ್ನಿನಿಂದ ತಂದ ಕ್ಯಾಲೆಂಡರಿನಲ್ಲಿ ಹಿಮದ ಗುಡ್ಡದ ಕೆಳಗೆ ಒಂದು ಕೆಂಪು ರೈಲಿತ್ತು. ಅದನ್ನೊಮ್ಮೆ ನೋಡಬೇಕು ಎಂದಿದ್ದರಂತೆ. ಮೂವತ್ತೈದು ವರ್ಷದ ಸಂಸಾರದಲ್ಲಿ ಅವರು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಕಳೆದ ವರ್ಷ ಅಕ್ಕನನ್ನು ಪರೀಕ್ಷಿಸಿದ ಮಂಗಳೂರಿನ ಕಣ್ಣಿನ ಡಾಕ್ಟರು, ಒಳಗಿನ ಒತ್ತಡದಿಂದ ದೃಷ್ಟಿ ಬದಿಯಿಂದ ಕಡಿಮೆಯಾಗುತ್ತಿದೆ, ಹೋದದ್ದು ಮರಳಿ ಬಾರದು, ನೋಡಬೇಕಾದ್ದನ್ನು ಬೇಗ ನೋಡಿ ಎಂದರು. ತಿರುಮಲಣ್ಣ ಮರುದಿನವೇ ವೀಸಾದ ಕೆಲಸಕ್ಕೆ ಹೊರಟರು.

ಸಿಕ್ಕಿಬಿದ್ದದ್ದು ಅಲ್ಲಿ. ಪೆನ್ಶನ್ ಕಾಗದದಲ್ಲಿ ತಿರುಮಲೇಶ್ವರ, ಪಾಸ್‌ಪೋರ್ಟಿನಲ್ಲಿ ತಿರುಮಲೇಶ್ವರನ್. ಇಬ್ಬರೂ ಒಬ್ಬರೇ ಎಂಬುದಕ್ಕೆ ಸಾಕ್ಷಿ ತನ್ನಿ ಎಂದ ಏಜೆಂಟ್. ಅದಕ್ಕೆ ನಮ್ಮ ವಿಲೇಜ್ ಆಫೀಸಿನಲ್ಲಿ ‘ವನ್ ಆ್ಯಂಡ್ ಸೇಮ್’ ಸರ್ಟಿಫಿಕೇಟ್ ಸಿಗುತ್ತದೆ.

“ಎಂತ ಸರ್ಟಿಫಿಕೇಟ್? ಆ ‘ನ್’ ಇರುವವ ಯಾರೂಂತ ನನಗೆ ಗೊತ್ತಿಲ್ಲ ಮಾರಾಯ್ತಿ,” ಎಂದರು ತಿರುಮಲಣ್ಣ.

“ಒಂದು ಕಾಗದ ಅಷ್ಟೆ ತಿರುಮಲಣ್ಣ. ಹೆಚ್ಚೆಂದರೆ ಒಂದು ವಾರ.”

“ಅಪ್ಪ ಇಟ್ಟ ಹೆಸರು ನನ್ನದು. ಅದಕ್ಕೆ ಬಾಲ ಕಟ್ಟಿದವರೇ ಬಿಚ್ಚಲಿ. ಅವನೂ ನಾನೇಂತ ನಾನು ಸಹಿ ಹಾಕುವುದಿಲ್ಲ.”

ಮೊದಲು ಆಧಾರ್, ಆಮೇಲೆ ಪಾಸ್‌ಪೋರ್ಟ್, ಎರಡೂ ಸರಿಯಾಗಲಿ ಎಂದು ಹಟ ಹಿಡಿದರು. ಆಧಾರ್ ಅರ್ಜಿ ಎರಡು ಸಲ ತಿರುಗಿ ಬಂತು. ಮೇ ಹೋಯಿತು, ಸೆಪ್ಟೆಂಬರೂ ಹೋಯಿತು. ಕನ್ನಡದ ಅಭಿಮಾನ ನನಗೂ ಇದೆ, ಆದರೆ ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತಪ್ಪು ನನ್ನದೇ ಆದ ಕಾರಣ ಬಾಯಿ ಮುಚ್ಚಿಕೊಂಡಿದ್ದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಇಲ್ಲಿ ಜಗಳ ಗಂಡನಿಗೂ ಒಂದು ಅಕ್ಷರಕ್ಕೂ.

ಕಳೆದ ತಿಂಗಳು ಇಬ್ಬರೂ ಅಂಗಡಿಗೆ ಬಂದರು. ಅರ್ಜಿ ಮೂರನೆಯ ಸಲ ತಿರುಗಿ ಬಂದಿತ್ತು. ತಿರುಮಲಣ್ಣ ಯಾರನ್ನೋ ಬೈಯುತ್ತಲೇ ಇದ್ದರು. ನಾನು ಪರಮೇಶ್ವರಿ ಅಕ್ಕನ ಬಲಗಡೆ ಚಹಾ ಇಟ್ಟೆ. ಅವರ ಕೈ ತಾಗಿ ಗ್ಲಾಸು ಉರುಳಿತು.

“ಇವತ್ತು ಕೈಗೆ ಎಂತ ಆಗಿದೆಯೋ,” ಎನ್ನುತ್ತಾ ಸೆರಗಿನಿಂದ ಮೇಜು ಒರೆಸಿದರು. ಆಮೇಲೆ, “ಎಲ್ಲಿ, ಆ ಪಾಸ್‌ಪೋರ್ಟ್ ಕೊಡು ಶ್ರೀವಾಣಿ. ಒಂದು ವರ್ಷದಿಂದ ‘ನ್’ ‘ನ್’ ಅಂತ ಕೇಳಿ ಕೇಳಿ ಸಾಕಾಯ್ತು,” ಎಂದರು.

ಬಾಗಿಲ ಬೆಳಕಿಗೆ ಹಿಡಿದರು. ಗಂಡನ ಹೆಸರು ಹೇಳುವ ಅಭ್ಯಾಸ ಅವರಿಗಿಲ್ಲ. ಹಾಗಾಗಿ ಒಂದೊಂದೇ ಇಂಗ್ಲಿಷ್ ಅಕ್ಷರ ಓದುತ್ತಾ ಹೋದರು. “...ಡಬ್ಲ್ಯೂ, ಎ, ಆರ್, ಎ. ಅಷ್ಟೆ. ಸರಿಯೇ ಉಂಟಲ್ಲ! ‘ನ್’ ಎಲ್ಲಿ ಉಂಟು?”

ಗಂಡನನ್ನು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಾನು ನಕ್ಕೆ. ಅವರ ಬೆರಳು ಕೊನೆಯ ಅಕ್ಷರದ ಈಚೆಗೇ ನಿಂತಿತ್ತು.

“ಅದರ ಬಲಕ್ಕೆ ನೋಡಿ ಅಕ್ಕ.”

“ಬಲಕ್ಕೆ ಎಂತದೂ ಇಲ್ಲ.”

ನನ್ನ ನಗು ಅಲ್ಲಿಗೇ ನಿಂತಿತು. ತಿರುಮಲಣ್ಣ ಬೈಯುವುದನ್ನು ಅರ್ಧಕ್ಕೆ ಬಿಟ್ಟು ಎದ್ದು ಬಂದರು. ಹೆಂಡತಿಯ ಬಲಗಡೆ ಕೈ ಚಾಚಿ ಆಡಿಸಿದರು. ಪರಮೇಶ್ವರಿ ಅಕ್ಕ ಕದಲಲಿಲ್ಲ.

“ಯಾವಾಗಿನಿಂದ?” ಎಂದು ಕೇಳಿದರು ತಿರುಮಲಣ್ಣ.

ಪರಮೇಶ್ವರಿ ಅಕ್ಕನಿಗೆ ಅರ್ಥವಾಯಿತು. “ಚೌತಿಯ ಸಮಯದಿಂದ. ಹೇಳಿದರೆ ನೀವು ಆ ಪುಸ್ತಕ ಮುಚ್ಚಿ ಇಡ್ತೀರಿ ಅಂತ ಹೇಳಲಿಲ್ಲ.”

ತಿರುಮಲಣ್ಣ ಹೆಂಡತಿಯ ಕೈಯಿಂದ ಪಾಸ್‌ಪೋರ್ಟನ್ನು ತೆಗೆದು ನನ್ನ ಮುಂದಿಟ್ಟರು. “ಆ ಸರ್ಟಿಫಿಕೇಟಿಗೆ ಬರಿ,” ಎಂದರು ಆಮೇಲೆ. ತಿರುಮಲೇಶ್ವರ ಎಂಬವನೂ ತಿರುಮಲೇಶ್ವರನ್ ಎಂಬವನೂ ನಾನೇ ಎಂದು ಟೈಪ್ ಮಾಡಿ ಕೊಟ್ಟೆ. ಈ ಸಲ ಕನ್ನಡಕ ಹಾಕಿ ಎರಡು ಸಲ ಓದಿ ಸಹಿ ಹಾಕಿದರು.

ಮತ್ತೆ ಚೀಲದಿಂದ ನೋಟ್‌ಬುಕ್ ತೆಗೆದು ನನ್ನಲ್ಲಿ ರಬ್ಬರ್ ಕೇಳಿದರು. ‘ಬಲ ಕಿಟಕಿ’ ಎಂದಿದ್ದ ಕಡೆಯೆಲ್ಲ ‘ಬಲ’ವನ್ನು ಮಾತ್ರ ಅಳಿಸಿ ‘ಎಡ’ ಎಂದು ಮಾಡಿ, ಪಕ್ಕದಲ್ಲಿ ‘ಹಿಂದೆ ಮುಖ ಮಾಡಿದ ಸೀಟು’ ಎಂದು ಬರೆದರು.

“ಎಂಜಿನ್ನಿಗೆ ಬೆನ್ನು ಹಾಕಿ ಕೂತರೆ ಬಲದ ಗುಡ್ಡ ಇವಳ ಎಡಕ್ಕೆ ಬರ್ತದೆ,” ಎಂದರು.

“ನನಗೆ ಹಾಗೆ ಕೂತರೆ ತಲೆ ತಿರುಗ್ತದೆ,” ಎಂದರು ಪರಮೇಶ್ವರಿ ಅಕ್ಕ.

ತಿರುಮಲಣ್ಣ ಕೊನೆಯ ರೈಲಿನ ಪುಟ ಮುಗಿಯುವವರೆಗೂ ಅಳಿಸಿ ಬರೆಯುತ್ತಲೇ ಇದ್ದರು.