ಕೋಟೆ ದಾರಿಯಲ್ಲಿ ಹೆಸರು ಕರೆದರೆ

ದೆಹಲಿಯ ವಸಂತ್ ಕುಂಜ್‌ನ ನಮ್ಮ ಫ್ಲ್ಯಾಟಿನಲ್ಲಿ ಮೊಮ್ಮಗಳು ತನ್ನ ಟ್ರೆಕ್ಕಿಂಗ್ ವಿಡಿಯೋ ತೋರಿಸಿದಳು. ಅಘನಾಶಿನಿ ದಂಡೆಯಿಂದ ಹಳೇ ಕೋಟೆಗೆ ಹೋಗುವ ಅದೇ ಚಿರೆಕಲ್ಲಿನ ದಾರಿ.

ಚಿಕ್ಕವನಿದ್ದಾಗ ಸಂಜೆ ಶಾಲೆ ಬಿಟ್ಟ ಮೇಲೆ ನಮ್ಮಜ್ಜಿ ಜೊತೆ ಅಲ್ಲಿಗೆ ಸೌದೆಗೆ ಹೋಗ್ತಿದ್ದೆ. ಆ ದಾರೀಲಿ ಯಾರೂ ಹೆಸರು ಹಿಡಿದು ಕರೀತಿರಲಿಲ್ಲ, ಬರೀ 'ಕೂ' ಅನ್ನೋದು. ಒಂದಿನ ಕೋಟೆ ಬಾವಿ ಕಡೆಯಿಂದ ಅಮ್ಮನ ದನಿ ನನ್ನ ಹೆಸರು ಕೂಗಿತು. ಓಗೊಡೋ ಮೊದಲೇ ಅಜ್ಜಿಯ ಮೀನುವಾಸನೆಯ ಕೈ ನನ್ನ ಬಾಯಿ ಮುಚ್ಚಿತು.

"ಸುಮ್ನಿರು ಕತ್ತೆ! ನಿಮ್ಮಮ್ಮ ಮನೇಲಿದ್ದಾಳೆ. ಓ ಅಂದ್ರೆ ಇದು ಮನೆತನಕ ಬರ್ತದೆ."

ವಿಡಿಯೋದಲ್ಲಿ ಮೊಮ್ಮಗಳ ಹೆಸರು ಕೇಳಿಸಿತು, ನನ್ನದೇ ದನಿಯಲ್ಲಿ. "ಹಾಂ ಅಜ್ಜ, ಬಂದೆ" ಅಂದುಬಿಟ್ಟಿದ್ದಾಳೆ. ನಾನಾಗ ದೆಹಲಿಯಲ್ಲೇ ಇದ್ದೆ.

ಈಗ ಮನೆಯೊಳಗೂ ಅವಳನ್ನು 'ಕೂ' ಅಂತಲೇ ಕರೀತೀನಿ. ಪಕ್ಕದ ಮನೆಯವರು ಹುಚ್ಚ ಅನ್ನಲಿ. ಹೆಸರು ಕರೆದರೆ ಓಗೊಡಬೇಡ ಅಂದಿದ್ದೀನಿ, ದನಿ ನನ್ನದೇ ಆದರೂ.